ಉಪ್ಪುನೀರು, ಮಟ್ಟುಗುಳ್ಳದ ಗಿಡ ಮತ್ತು ಪಾಲಿಅಮೈನ್

ಪ್ರಶ್ನೆ: ನಮ್ಮದು ಕಟಪಾಡಿ ಹತ್ತಿರದ ಮಟ್ಟುವಿನಲ್ಲಿ ಹೊಳೆ ಬದಿಯ ಗದ್ದೆ. ಮಳೆಗಾಲಕ್ಕೆ ಭತ್ತ, ಆಮೇಲೆ ಗುಳ್ಳ, ಅಂದರೆ ನಮ್ಮೂರಿನ ಬದನೆ. ಫೆಬ್ರವರಿ ಕಳೆಯುತ್ತಿದ್ದ ಹಾಗೆ ಬಾವಿ ನೀರಿಗೆ ಉಪ್ಪು ಬರುತ್ತದೆ. ಗಿಡದ ಕೆಳಗಿನ ಎಲೆಗಳ ಅಂಚು ಸುಟ್ಟ ಹಾಗಾಗಿ ಹೂವು ಉದುರುತ್ತದೆ. ಮಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿರುವ ಮಗಳು, "ಪಾಲಿಅಮೈನ್ ಅಂತ ಒಂದು ವಸ್ತು ಉಂಟು, ಅದರಿಂದ ಗಿಡ ಉಪ್ಪು ತಡೆದುಕೊಳ್ಳುತ್ತದೆ" ಎನ್ನುತ್ತಾಳೆ. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಒಂದು ಬಾಟ್ಲಿ ತೋರಿಸಿದರು. ಇದು ಏನು? ಹೇಗೆ ಕೆಲಸ ಮಾಡುತ್ತದೆ? ತಂದು ಹೊಡೆಯಬಹುದೇ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಆದರೆ ಆ ಬಾಟ್ಲಿಯನ್ನು ಈಗಲೇ ತರಬೇಡಿ. ಒಂದು ಮಾತು ಸರಿ, ಇನ್ನೊಂದು ಬೇಡ ಎಂದರೆ ಗೊಂದಲವಾಗಬಹುದು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಪಾಲಿಅಮೈನ್ ಗಿಡದೊಳಗೆ ಏನು ಮಾಡುತ್ತದೆ ಎಂದು ತಿಳಿದರೆ, ಈ ಸಲ ದುಡ್ಡು ಎಲ್ಲಿಗೆ ಹಾಕಬೇಕು ಎಂಬುದು ನಿಮಗೇ ಹೊಳೆಯುತ್ತದೆ.

ಮೊದಲು ಉಪ್ಪಿನ ವಿಷಯ. ಉಪ್ಪು ಗಿಡವನ್ನು ಎರಡು ಹಂತದಲ್ಲಿ ಕಾಡುತ್ತದೆ. ಬೇರಿನ ಸುತ್ತ ಉಪ್ಪು ಹೆಚ್ಚಾದ ಕೂಡಲೇ ಮಣ್ಣಿನಲ್ಲಿ ನೀರಿದ್ದರೂ ಗಿಡಕ್ಕೆ ಅದನ್ನು ಎಳೆದುಕೊಳ್ಳುವುದು ಕಷ್ಟವಾಗುತ್ತದೆ, ಹೊಸ ಎಲೆಗಳ ಬೆಳವಣಿಗೆ ಕುಂಠಿತವಾಗುತ್ತದೆ. ಇದು ಮೊದಲ ಹಂತ. ಎರಡನೆಯದು ದಿನ, ವಾರಗಳ ಮೇಲೆ ಕಾಣುತ್ತದೆ. ನೀರಿನ ಜೊತೆ ಮೇಲೇರಿದ ಸೋಡಿಯಂ ಮತ್ತು ಕ್ಲೋರೈಡ್ ಎಲೆಯಲ್ಲೇ ಉಳಿದುಬಿಡುತ್ತವೆ, ಏಕೆಂದರೆ ಎಲೆಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ. ಹೆಚ್ಚು ದಿನ ನೀರು ಆವಿ ಮಾಡಿದ ಎಲೆಯಲ್ಲಿ ಹೆಚ್ಚು ಉಪ್ಪು ಸೇರಿರುತ್ತದೆ. ನೀವು ಗಮನಿಸಿದ ಹಾಗೆ ಕೆಳಗಿನ ಹಳೆ ಎಲೆ, ಅದರಲ್ಲೂ ಅಂಚು ಮೊದಲು ಸುಡುವುದು ಇದೇ ಕಾರಣಕ್ಕೆ.

ಸೋಡಿಯಂ ಇಷ್ಟು ಕೆಟ್ಟದ್ದು ಯಾಕೆ? ಗಿಡದ ಜೀವಕೋಶದೊಳಗೆ ಪೊಟ್ಯಾಸಿಯಂ ಮಾಡುವ ಕೆಲಸಕ್ಕೆ ಲೆಕ್ಕವಿಲ್ಲ. ಐವತ್ತಕ್ಕೂ ಹೆಚ್ಚು ಕಿಣ್ವಗಳಿಗೆ ಅದು ಬೇಕು, ಪ್ರೋಟೀನ್ ತಯಾರಿಕೆಗೆ ಬೇಕು, ಎಲೆಯ ಬಾಯಿ ತೆರೆದು ಮುಚ್ಚಲಿಕ್ಕೂ ಬೇಕು. ಸೋಡಿಯಂ ಅದೇ ರೀತಿಯ ಧನ ಆವೇಶ ಹೊತ್ತ ಅಯಾನು, ಆದರೆ ಪೊಟ್ಯಾಸಿಯಂ ಮಾಡುವ ಕೆಲಸ ಅದರಿಂದ ಆಗುವುದಿಲ್ಲ. ಅದು ಕೋಶದೊಳಕ್ಕೆ ನುಗ್ಗಿದಾಗ ಕೋಶಪೊರೆಯ ಒಳಗಿನ ಋಣ ಆವೇಶ ಕಡಿಮೆಯಾಗುತ್ತದೆ, ಆಗ ಒಳಗಿದ್ದ ಪೊಟ್ಯಾಸಿಯಂ ಹೊರಗೆ ಸೋರತೊಡಗುತ್ತದೆ. ಒಂದು ಗಿಡ ಉಪ್ಪನ್ನು ತಾಳುತ್ತದೋ ಇಲ್ಲವೋ ಎಂಬುದನ್ನು ಅದರೊಳಗೆ ಎಷ್ಟು ಸೋಡಿಯಂ ಇದೆ ಎಂಬುದಕ್ಕಿಂತ, ಅಷ್ಟು ಸೋಡಿಯಂ ಬಂದ ಮೇಲೂ ಎಷ್ಟು ಪೊಟ್ಯಾಸಿಯಂ ಉಳಿಸಿಕೊಂಡಿದೆ ಎಂಬುದೇ ಹೆಚ್ಚಾಗಿ ತೀರ್ಮಾನಿಸುತ್ತದೆ. ಈ ಒಂದು ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಪಾಲಿಅಮೈನಿನ ಕಥೆ ಇಲ್ಲಿಂದಲೇ ಶುರು.

ಪಾಲಿಅಮೈನ್ ಹೊರಗಿನಿಂದ ಬಂದ ಔಷಧವಲ್ಲ. ಭತ್ತ, ಬದನೆ, ಬ್ಯಾಕ್ಟೀರಿಯಾ, ಮನುಷ್ಯ ಎನ್ನದೆ ಜೀವಿಗಳು ತಮ್ಮ ಕೋಶಗಳಲ್ಲಿ ತಾವೇ ತಯಾರಿಸಿಕೊಳ್ಳುವ ಸಣ್ಣ ಅಣುಗಳಿವು. ಗಿಡಗಳಲ್ಲಿ ಮುಖ್ಯವಾದವು ಮೂರು: ಪುಟ್ರೆಸಿನ್, ಸ್ಪರ್ಮಿಡಿನ್, ಸ್ಪರ್ಮಿನ್. ಅರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ಮೊದಲು ಪುಟ್ರೆಸಿನ್ ತಯಾರಾಗುತ್ತದೆ. ಆರ್ನಿಥೈನ್‌ನಿಂದ ಹೊರಡುವ ಇನ್ನೊಂದು ದಾರಿಯೂ ಹಲವು ಗಿಡಗಳಲ್ಲಿದೆ. ಪುಟ್ರೆಸಿನ್‌ಗೆ ಒಂದು ತುಂಡು ಜೋಡಿಸಿದರೆ ಸ್ಪರ್ಮಿಡಿನ್, ಮತ್ತೊಂದು ತುಂಡು ಜೋಡಿಸಿದರೆ ಸ್ಪರ್ಮಿನ್. ಕೋಶದೊಳಗೆ ಪುಟ್ರೆಸಿನ್ ಮೇಲೆ ಎರಡು ಧನ ಆವೇಶ, ಸ್ಪರ್ಮಿಡಿನ್ ಮೇಲೆ ಮೂರು, ಸ್ಪರ್ಮಿನ್ ಮೇಲೆ ನಾಲ್ಕು. ಇವುಗಳ ಶಕ್ತಿಯೆಲ್ಲ ಹೆಚ್ಚುಕಮ್ಮಿ ಈ ಎರಡು, ಮೂರು, ನಾಲ್ಕರಲ್ಲೇ ಇದೆ. ಡಿಎನ್ಎ, ಆರ್‌ಎನ್‌ಎ, ಕೋಶಪೊರೆಯ ಕೊಬ್ಬು, ಕೋಶಭಿತ್ತಿಯ ಪೆಕ್ಟಿನ್ ಇವೆಲ್ಲದರ ಮೇಲೆ ಋಣ ಆವೇಶ ಇರುವುದರಿಂದ ಪಾಲಿಅಮೈನ್ ಅವಕ್ಕೆ ಅಂಟಿಕೊಂಡು ಬಿಗಿ ಕೊಡುತ್ತದೆ.

ಇವುಗಳಿಗೂ ಪೊಟ್ಯಾಸಿಯಂಗೂ ನಂಟು ಇದೆ ಎಂದು ತಿಳಿದದ್ದು ಉಪ್ಪಿನ ಸಂಶೋಧನೆಯಿಂದ ಅಲ್ಲ. 1952ರಲ್ಲಿ ರಿಚರ್ಡ್ಸ್ ಮತ್ತು ಕೋಲ್ಮನ್ ಎಂಬ ವಿಜ್ಞಾನಿಗಳು ಪೊಟ್ಯಾಸಿಯಂ ಕೊರತೆಯಿಂದ ಬಳಲುತ್ತಿದ್ದ ಬಾರ್ಲಿ ಗಿಡಗಳಲ್ಲಿ ಪುಟ್ರೆಸಿನ್ ರಾಶಿಯಾಗಿ ಸೇರಿರುವುದನ್ನು ಕಂಡರು. ಧನ ಆವೇಶದ ಪೊಟ್ಯಾಸಿಯಂ ಇಲ್ಲದಾಗ ಗಿಡ ಇನ್ನೊಂದು ಧನ ಆವೇಶದ ವಸ್ತುವನ್ನು ತಾನೇ ತಯಾರಿಸಿಕೊಳ್ಳುತ್ತಿತ್ತು. ಗಿಡದಲ್ಲಿ ಪುಟ್ರೆಸಿನ್ ಏರಿದೆ ಎಂದರೆ ಅದು ಕಷ್ಟದ ಲಕ್ಷಣವೂ ಆಗಿರಬಹುದು. ಬಾಟ್ಲಿ ಮಾರುವವರು ಈ ಮಾತನ್ನು ಹೇಳುವುದಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ: ಹೇಗೆ ಕೆಲಸ ಮಾಡುತ್ತದೆ? ಕೋಶಪೊರೆಯಲ್ಲಿ ಅಯಾನುಗಳು ಓಡಾಡುವ ಸಣ್ಣ ದ್ವಾರಗಳಿವೆ. ಅವುಗಳಲ್ಲಿ ಕೆಲವು ಇದು ಸೋಡಿಯಂ, ಇದು ಪೊಟ್ಯಾಸಿಯಂ ಎಂದು ನೋಡದೆ ಧನ ಅಯಾನು ಯಾವುದಿದ್ದರೂ ಬಿಟ್ಟುಬಿಡುತ್ತವೆ. ಉಪ್ಪುನೀರಿನ ಸೋಡಿಯಂ ಬಹಳಷ್ಟು ಒಳಬರುವುದು, ಒಳಗಿನ ಪೊಟ್ಯಾಸಿಯಂ ಒಂದು ಪಾಲು ಸೋರಿ ಹೋಗುವುದು ಇಂಥ ದ್ವಾರಗಳಲ್ಲೇ. ಪಾಲಿಅಮೈನ್ ಅಣು ಆ ದ್ವಾರದೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಿದ ಹಾಗೆ: ಹೊಳೆಯ ಉಪ್ಪು ಮೇಲಕ್ಕೆ ಬರಲಿಲ್ಲ, ಮೇಲಿನ ಸಿಹಿನೀರು ಸಮುದ್ರಕ್ಕೆ ಹೋಗಲಿಲ್ಲ, ಒಂದೇ ಹಲಗೆಯಿಂದ ಎರಡೂ ಕೆಲಸ. ಆವೇಶ ಹೆಚ್ಚಿದ್ದಷ್ಟೂ ಬಿಗಿ ಹೆಚ್ಚು, ಆದ್ದರಿಂದ ಈ ಕೆಲಸದಲ್ಲಿ ಸಾಮಾನ್ಯವಾಗಿ ಸ್ಪರ್ಮಿನ್ ಮುಂದೆ, ಪುಟ್ರೆಸಿನ್ ಹಿಂದೆ. 2007ರಲ್ಲಿ ಸೆರ್ಗೆಯ್ ಶಬಾಲಾ ಮತ್ತು ಸಂಗಡಿಗರು ಬಟಾಣಿ ಎಲೆಯ ಕೋಶಗಳಲ್ಲಿ ಇದನ್ನು ನೇರವಾಗಿ ಅಳೆದು ತೋರಿಸಿದರು. ಪಾಲಿಅಮೈನ್ ಕೊಟ್ಟ ಎಲೆಗಳಲ್ಲಿ ಉಪ್ಪು ತಾಗಿದಾಗ ಆಗುವ ಪೊಟ್ಯಾಸಿಯಂ ಸೋರಿಕೆ ತಗ್ಗಿತ್ತು.

ಕೋಶದ ನಡುವೆ ರಸದಾನಿ ಎಂಬ ದೊಡ್ಡ ಚೀಲ ಇರುತ್ತದೆ. ಉಪ್ಪು ತಾಳುವ ಗಿಡಗಳು ಸೋಡಿಯಂ ಅನ್ನು ಅದರೊಳಗೆ ತಳ್ಳಿ ಕೂಡಿಹಾಕುತ್ತವೆ. ಆ ಚೀಲದ ಪೊರೆಯಲ್ಲೂ ಸೋಡಿಯಂ ಮರಳಿ ಸೋರಬಲ್ಲ ದ್ವಾರಗಳಿವೆ, ಅವನ್ನೂ ಪಾಲಿಅಮೈನ್ ತಡೆಯುತ್ತದೆ. ಒಳಗೆ ತಳ್ಳಿದ್ದು ಒಳಗೇ ಉಳಿಯಬೇಕಲ್ಲ!

ಇದು ಬರೀ ಊಹೆ ಅಲ್ಲ ಎನ್ನುವುದಕ್ಕೆ ನನಗೆ ಬಹಳ ಗಟ್ಟಿ ಅನಿಸುವ ಸಾಕ್ಷಿ 2006ರ ಒಂದು ಪ್ರಯೋಗ. ಜಪಾನಿನ ಸಂಶೋಧಕರು ಸ್ಪರ್ಮಿನ್ ತಯಾರಿಸಲಾರದ ಅರಬಿಡಾಪ್ಸಿಸ್ (ಪ್ರಯೋಗಾಲಯಗಳಲ್ಲಿ ಬಹಳ ಬಳಸುವ ಒಂದು ಸಣ್ಣ ಗಿಡ) ಗಿಡಗಳಿಗೆ ಉಪ್ಪು ಕೊಟ್ಟು ನೋಡಿದರು. ಆ ಗಿಡಗಳು ಮಾಮೂಲಿ ಗಿಡಗಳಿಗಿಂತ ಬಹಳ ಬೇಗ ಸೋತವು. ಹೊರಗಿನಿಂದ ಸ್ಪರ್ಮಿನ್ ಕೊಟ್ಟಾಗ ಸುಧಾರಿಸಿದವು. ಪುಟ್ರೆಸಿನ್ ಅಥವಾ ಸ್ಪರ್ಮಿಡಿನ್ ಕೊಟ್ಟರೆ ಸುಧಾರಿಸಲಿಲ್ಲ. ಪಾಲಿಅಮೈನ್ ಎಂದು ಒಂದೇ ಹೆಸರಲ್ಲಿ ಕರೆದರೂ ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಯಿತು. ಭತ್ತದಲ್ಲೂ ಇದಕ್ಕೆ ಹೊಂದುವ ಮಾತಿದೆ. ನಮ್ಮ ದೇಶದ ಕೃಷ್ಣಮೂರ್ತಿ ಮತ್ತು ಭಾಗವತ್ 1989ರಲ್ಲಿ ಉಪ್ಪು ತಾಳುವ ಮತ್ತು ತಾಳದ ಭತ್ತದ ತಳಿಗಳನ್ನು ಹೋಲಿಸಿದಾಗ, ತಾಳುವ ತಳಿಗಳಲ್ಲಿ ಸ್ಪರ್ಮಿಡಿನ್ ಮತ್ತು ಸ್ಪರ್ಮಿನ್ ಏರಿದ್ದು, ತಾಳದ ತಳಿಗಳಲ್ಲಿ ಪುಟ್ರೆಸಿನ್ ಏರಿದ್ದು ಕಂಡುಬಂತು. ಪುಟ್ರೆಸಿನ್ ಅನ್ನು ಮುಂದಿನ ಮೆಟ್ಟಿಲಿಗೆ ಏರಿಸಿಕೊಳ್ಳಬಲ್ಲ ಗಿಡ ಗೆಲ್ಲುತ್ತದೆ, ಅಲ್ಲೇ ನಿಂತ ಗಿಡ ಸೊರಗುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ನಿಮ್ಮ ಬೆಳೆಗೇ ಸೇರಿದ ಒಂದು ಕೆಲಸವೂ ಇದೆ, ನಿಮ್ಮ ಮಗಳು ಅದನ್ನು ಹುಡುಕಿ ಓದಲಿ. ದೆಹಲಿ ವಿಶ್ವವಿದ್ಯಾಲಯದ ಪ್ರಭಾವತಿ ಮತ್ತು ರಾಜಂ ಅವರು ಓಟ್ಸ್ ಗಿಡದ ಅರ್ಜಿನೈನ್ ಡಿಕಾರ್ಬಾಕ್ಸಿಲೇಸ್ (ಅರ್ಜಿನೈನ್‌ನಿಂದ ಪುಟ್ರೆಸಿನ್ ತಯಾರಾಗುವ ದಾರಿಯ ಕಿಣ್ವ) ವಂಶವಾಹಿಯನ್ನು ಬದನೆಗೆ ಸೇರಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಬದನೆ ಗಿಡಗಳಲ್ಲಿ ಪಾಲಿಅಮೈನ್ ಹೆಚ್ಚಿತ್ತು. ಉಪ್ಪು, ಬರ, ಅತಿ ಶಾಖ, ಅತಿ ಚಳಿಯ ಜೊತೆಗೆ ಫ್ಯುಸೇರಿಯಂ ಸೊರಗು ರೋಗವನ್ನೂ ಅವು ಹೆಚ್ಚು ತಾಳಿದವು. ಗುಳ್ಳವೂ ಬದನೆಯೇ ಆದ್ದರಿಂದ ಈ ವ್ಯವಸ್ಥೆ ಅದರೊಳಗೂ ಇದೆ. ಆದರೆ ಅಲ್ಲಿ ಗಿಡವೇ ತನ್ನೊಳಗೆ ದಿನವೂ ಹೆಚ್ಚು ತಯಾರಿಸಿಕೊಳ್ಳುವ ಹಾಗೆ ಮಾಡಿದ್ದರು. ವಾರಕ್ಕೊಮ್ಮೆ ಎಲೆಯ ಮೇಲೆ ಹೊಡೆಯುವುದನ್ನು ಅದಕ್ಕೆ ಸಮ ಮಾಡಲಾಗದು.

ಇನ್ನು ಈ ವಿಷಯದ ಇನ್ನೊಂದು ಮುಖ. ಪಾಲಿಅಮೈನ್ ಗಿಡದೊಳಗೆ ಹಾಗೇ ಕೂತಿರುವುದಿಲ್ಲ. ಕೋಶಭಿತ್ತಿಯಲ್ಲಿ ಅದನ್ನು ಒಡೆಯುವ ಕಿಣ್ವಗಳಿವೆ, ಒಡೆದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದು ಹದವಾಗಿದ್ದರೆ ಗಿಡಕ್ಕೆ ಎಚ್ಚರಿಕೆಯ ಸೂಚನೆ, ಗಿಡ ತನ್ನ ರಕ್ಷಣೆಯನ್ನು ಚುರುಕು ಮಾಡುತ್ತದೆ. ಮಿತಿ ಮೀರಿದರೆ ಅದೇ ಪೆರಾಕ್ಸೈಡ್ ಕೋಶವನ್ನು ಕೊಲ್ಲುತ್ತದೆ. 2008ರಲ್ಲಿ ತಂಬಾಕಿನ ಗಿಡಗಳಲ್ಲಿ ಇದನ್ನೇ ತೋರಿಸಿದರು: ಉಪ್ಪು ತಾಗಿದಾಗ ಗಿಡ ಸ್ಪರ್ಮಿಡಿನ್ ಅನ್ನು ಕೋಶದ ಹೊರಕ್ಕೆ ಕಳಿಸುತ್ತದೆ, ಅಲ್ಲಿ ಒಡೆದು ಹುಟ್ಟುವ ಪೆರಾಕ್ಸೈಡಿನ ಪ್ರಮಾಣವೇ ಆ ಕೋಶ ತಾಳಬೇಕೋ ಸಾಯಬೇಕೋ ಎಂದು ತೀರ್ಮಾನಿಸುತ್ತದೆ. ಅದಕ್ಕೂ ಮೊದಲು, 1997ರಲ್ಲಿ, ಪುಟ್ರೆಸಿನ್ ವಿಪರೀತ ಹೆಚ್ಚಾಗುವಂತೆ ಮಾಡಿದ ತಂಬಾಕಿನ ಗಿಡಗಳು ಕುಳ್ಳಗಾಗಿ, ಎಲೆ ಹಳದಿಯಾಗಿ, ಅಲ್ಲಲ್ಲಿ ಸುಟ್ಟುಹೋದದ್ದು ವರದಿಯಾಗಿತ್ತು. ಅಂದರೆ ಉಪ್ಪಿನಿಂದ ಸುಟ್ಟ ಎಲೆಗೆ ಪುಟ್ರೆಸಿನ್ ಅತಿಯಾಗಿ ಹೊಡೆದರೆ ಇನ್ನೊಂದು ಸುಡುವಿಕೆ ಸೇರಬಹುದು.

ಸಮಯದ ಪ್ರಶ್ನೆಯೂ ಇದೆ. ಬಟಾಣಿ ಎಲೆಯಲ್ಲಿ ಸೋರಿಕೆ ತಡೆದ ಅದೇ ಪಾಲಿಅಮೈನ್, 2011ರ ಒಂದು ಪ್ರಯೋಗದಲ್ಲಿ ಬಟಾಣಿ ಬೇರಿನಲ್ಲಿ ಬೇರೆ ಥರ ನಡೆದುಕೊಂಡಿತು. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಉಗ್ರ ಆಮ್ಲಜನಕದ ರೂಪ ಜೊತೆಗಿದ್ದಾಗ ಪೊಟ್ಯಾಸಿಯಂ ಸೋರಿಕೆ ಇನ್ನೂ ಹೆಚ್ಚಿತು. ಉಪ್ಪಿನಿಂದ ಆಗಲೇ ಬಹಳ ಪೆಟ್ಟು ತಿಂದ ಗಿಡದಲ್ಲಿ ಇಂಥ ರ‍್ಯಾಡಿಕಲ್‌ಗಳು ಹೆಚ್ಚು. ಆದ್ದರಿಂದ ಪಾಲಿಅಮೈನ್ ಉಪ್ಪು ತಾಗುವ ಮೊದಲು ಅಥವಾ ಆರಂಭದಲ್ಲಿ ಕೊಡಬೇಕಾದ ವಸ್ತು. ಎಲೆ ಅಂಚು ಕರಟಿದ ಮೇಲೆ ಹೊಡೆಯುವ ಮದ್ದು ಅದಲ್ಲ. ಪ್ರಯೋಗಗಳಲ್ಲಿ ಒಳ್ಳೆಯ ಫಲ ಕೊಟ್ಟ ಕ್ರಮಗಳಲ್ಲಿ ಬಹಳಷ್ಟು ಬೀಜ ನೆನೆಸುವುದು ಅಥವಾ ಎಳೆ ಸಸಿಗೆ ಕೊಡುವುದೇ ಆಗಿವೆ.

ಇನ್ನು ಬಾಟ್ಲಿ. ಪ್ರಯೋಗಗಳಲ್ಲಿ ಬಳಸುವ ಪ್ರಮಾಣ ಸಾಮಾನ್ಯವಾಗಿ ಒಂದು ಮಿಲಿಮೋಲಾರ್ ಆಸುಪಾಸು. ಸ್ಪರ್ಮಿಡಿನ್ ಆದರೆ ಲೀಟರಿಗೆ ಸುಮಾರು 145 ಮಿಲಿಗ್ರಾಂ. ಎಕರೆಗೆ 200 ಲೀಟರ್ ಸಿಂಪಡಣೆ ಎಂದು ಹಿಡಿದರೆ ಒಂದು ಸಲಕ್ಕೆ 29 ಗ್ರಾಂ ಬೇಕು. ಶುದ್ಧ ಸ್ಪರ್ಮಿಡಿನ್ ಗ್ರಾಂ ಲೆಕ್ಕದಲ್ಲಿ ಮಾರುವ ದುಬಾರಿ ವಸ್ತು, ಸ್ಪರ್ಮಿನ್ ಕೂಡ ಹಾಗೆಯೇ. ಪುಟ್ರೆಸಿನ್ ಅಷ್ಟು ದುಬಾರಿಯಲ್ಲ, ಆದರೆ ಮೇಲೆ ಹೇಳಿದ ಕಾರಣಕ್ಕೆ ಅದರ ಮೇಲೆ ನನಗೆ ಭರವಸೆಯೂ ಕಡಿಮೆ. ಕೆಲವು ನೂರು ರೂಪಾಯಿಗೆ ಸಿಗುವ ಬಾಟ್ಲಿಯಲ್ಲಿ ಯಾವ ಪಾಲಿಅಮೈನ್, ಎಷ್ಟು ಶೇಕಡಾ ಇದೆ ಎಂದು ಬರೆದಿದೆಯೇ ನೋಡಿ. 2021ರಲ್ಲಿ ಕೇಂದ್ರ ಸರ್ಕಾರ ಜೈವಿಕ ಉತ್ತೇಜಕಗಳನ್ನು, ಅಂದರೆ ಗಿಡದ ಬೆಳವಣಿಗೆ, ತಾಳಿಕೆ ಹೆಚ್ಚಿಸಲೆಂದು ಮಾರುವ ಇಂಥ ವಸ್ತುಗಳನ್ನು, 1985ರ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದಿದೆ, ಹಾಗಾಗಿ ಒಳಗೆ ಏನಿದೆ ಎಂದು ಕೇಳುವ ಹಕ್ಕು ನಿಮಗಿದೆ. ಲೇಬಲ್ ಮೇಲೆ ಹೆಸರು, ಪ್ರಮಾಣ ಎರಡೂ ಇಲ್ಲದಿದ್ದರೆ ಅಂಗಡಿಯವರ ಮಾತಿನ ಮೇಲೆ ಕೊಳ್ಳಬೇಡಿ.

ಹಾಗಾದರೆ ಈ ವರ್ಷ ಏನು ಮಾಡುವುದು? ಗಿಡ ತನ್ನ ಪಾಲಿಅಮೈನ್‌ನಿಂದ ಮಾಡುವುದು ಪೊಟ್ಯಾಸಿಯಂ ಉಳಿಸಿಕೊಳ್ಳುವ, ಸೋಡಿಯಂ ತಡೆಯುವ ಕೆಲಸ. ಅದೇ ಕೆಲಸಕ್ಕೆ ನೀವು ಕಡಿಮೆ ಖರ್ಚಿನಲ್ಲಿ ಕೈಜೋಡಿಸಬಹುದು.

ಮಳೆಗಾಲದ ಭತ್ತದ ಬಗ್ಗೆ ನನಗೆ ಚಿಂತೆ ಇಲ್ಲ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ, ಮರಳು ಮಿಶ್ರಿತ ಮಣ್ಣಿನ ಉಪ್ಪನ್ನು ಜೂನ್, ಜುಲೈಯ ಮಳೆ ತೊಳೆದುಬಿಡುತ್ತದೆ. ಗುಳ್ಳದ ಕಥೆ ಬೇರೆ, ಅದು ಬೇಸಗೆಗೆ ಸಿಕ್ಕಿಕೊಳ್ಳುತ್ತದೆ. ಬದನೆ ಉಪ್ಪಿಗೆ ಮಧ್ಯಮ ಸೂಕ್ಷ್ಮ ಬೆಳೆ. ಮಣ್ಣಿನ ಇಸಿ, ಅಂದರೆ ವಿದ್ಯುತ್ ವಾಹಕತೆ, ಮೀಟರಿಗೆ ಸುಮಾರು 1.1 ಡೆಸಿಸೀಮನ್ಸ್ ದಾಟಿದ ಮೇಲೆ ಒಂದೊಂದು ಘಟಕ ಏರಿದಂತೆ ಇಳುವರಿ ಸುಮಾರು ಶೇ. 7ರಷ್ಟು ತಗ್ಗುತ್ತದೆ ಎಂಬುದು ಬಳಕೆಯಲ್ಲಿರುವ ಲೆಕ್ಕ. ಸಮುದ್ರದ ನೀರಿನ ಇಸಿ 50ರ ಹತ್ತಿರ. ನೂರು ಕೊಡ ಬಾವಿ ನೀರಿಗೆ ನಾಲ್ಕೇ ಕೊಡ ಸಮುದ್ರದ ನೀರು ಸೇರಿದರೂ ಇಸಿ 2ರಷ್ಟು ಏರುತ್ತದೆ. ನಾಲಿಗೆಯನ್ನು ನಂಬಿ ಕಾಯಬೇಡಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು, ನೀರಿನ ಪರೀಕ್ಷೆಯ ಬಗ್ಗೆ ವಿಚಾರಿಸಿ. ಕೈಯಲ್ಲಿ ಹಿಡಿಯುವ ಸಣ್ಣ ಇಸಿ ಮೀಟರನ್ನು ನಾಲ್ಕೈದು ಬೆಳೆಗಾರರು ಸೇರಿ ಕೊಂಡರೆ ಇನ್ನೂ ಒಳ್ಳೆಯದು.

ಬಾವಿಯಿಂದ ಒಮ್ಮೆಗೇ ಜೋರಾಗಿ ನೀರೆತ್ತಬೇಡಿ. ಕರಾವಳಿಯ ಮಣ್ಣಿನಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಎತ್ತರದ ಸಿಹಿನೀರು ಕೆಳಗಿನ ಉಪ್ಪನ್ನು ಸುಮಾರು 40 ಮೀಟರ್ ಆಳದಲ್ಲಿ ಅದುಮಿ ಹಿಡಿಯುತ್ತದೆ ಎಂಬುದು ಹಳೆಯ, ಗಟ್ಟಿ ಲೆಕ್ಕ. ಮೇಲಿನ ಮಟ್ಟ ಸ್ವಲ್ಪ ಇಳಿದರೂ ಕೆಳಗಿನ ಉಪ್ಪು ಬಹಳ ಮೇಲಕ್ಕೆ ಬರುವುದು ಅದರಿಂದಲೇ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಎತ್ತುವುದು ಲೇಸು. ನೀರನ್ನು ಬುಡಕ್ಕೇ ಕೊಡಿ, ಎಲೆ ಮೇಲೆ ಬೀಳಿಸಬೇಡಿ, ಎಲೆಯೂ ಉಪ್ಪು ಹೀರುತ್ತದೆ. ಬುಡಕ್ಕೆ ಬೈಹುಲ್ಲು ಅಥವಾ ತರಗೆಲೆಯ ಮುಚ್ಚಿಗೆ ದಪ್ಪಗೆ ಇರಲಿ, ಮಣ್ಣಿನಿಂದ ನೀರು ಆವಿಯಾಗುವುದು ತಗ್ಗಿದಷ್ಟೂ ಮೇಲ್ಮೈಗೆ ಬಂದು ಕೂರುವ ಉಪ್ಪು ತಗ್ಗುತ್ತದೆ. ಉಪ್ಪು ದಿಣ್ಣೆಯ ನೆತ್ತಿಯಲ್ಲಿ ಸೇರುವುದರಿಂದ ಸಸಿಯನ್ನು ನೆತ್ತಿಗೆ ನೆಡದೆ ಪಕ್ಕದ ಇಳಿಜಾರಿಗೆ ನೆಡಿ. ಸಾಧ್ಯವಾದರೆ ಭತ್ತದ ಕೊಯ್ಲು ಮುಗಿದ ಕೂಡಲೇ ತಡಮಾಡದೆ ನಾಟಿ ಮಾಡಿ, ಮುಖ್ಯ ಕಾಯಿ ಫೆಬ್ರವರಿಯೊಳಗೆ ಕೈಗೆ ಬರಲಿ.

ಗೊಬ್ಬರದಲ್ಲಿ ಒಂದು ಬದಲಾವಣೆ ಮಾಡಿ. ಸಾಮಾನ್ಯ ಪೊಟಾಷ್, ಅಂದರೆ ಎಂಒಪಿ, ತೂಕದಲ್ಲಿ ಅರ್ಧದಷ್ಟು ಕ್ಲೋರೈಡ್. ಉಪ್ಪಿನ ಗದ್ದೆಗೆ ಬೇಸಗೆಯಲ್ಲಿ ಅದು ಬೇಡ. ಸಲ್ಫೇಟ್ ಆಫ್ ಪೊಟಾಷ್ ಬಳಸಿ, ಬೆಲೆ ಹೆಚ್ಚಾದರೂ ಈ ಗದ್ದೆಗೆ ಅದೇ ಸರಿ. ಜನವರಿಯಿಂದ ಲೀಟರಿಗೆ 5 ಗ್ರಾಂನಂತೆ ಸಿಹಿನೀರಿನಲ್ಲಿ ಕಲಸಿ ಎಲೆಗೂ ಹೊಡೆಯಬಹುದು. ಕ್ಯಾಲ್ಸಿಯಂ ಕೂಡ ಸೋಡಿಯಂ ನುಗ್ಗುವ ಆ ದ್ವಾರಗಳನ್ನು ತಡೆಯುತ್ತದೆ. ನಮ್ಮ ಹುಳಿ ಮಣ್ಣಿಗೆ ಚಿಪ್ಪಿನ ಸುಣ್ಣ ಹಾಕುವ ಕ್ರಮ ಇದ್ದೇ ಇದೆ, ಮಣ್ಣು ಪರೀಕ್ಷೆ ಹುಳಿ ಎಂದು ತೋರಿಸಿದರೆ ಮುಂದುವರಿಸಿ. ಹುಳಿ ಇಲ್ಲದಿದ್ದರೆ ಜಿಪ್ಸಂ ಹಾಕಿ. ಸೊರಗು ರೋಗಕ್ಕೆಂದು ಸುಂಡೆ ಗಿಡದ ಬೇರಿನ ಮೇಲೆ ಬದನೆ ಕಸಿ ಮಾಡುವ ಪದ್ಧತಿ ಇದೆ. ಉಪ್ಪಿನ ಗದ್ದೆಯಲ್ಲೂ ಕೆಲವು ಗಿಡ ಹಾಗೆ ನೆಟ್ಟು ನೋಡುವುದು ಯೋಗ್ಯ.

ಪಾಲಿಅಮೈನ್ ನಿಮ್ಮ ಗದ್ದೆಯಲ್ಲಿ ಕೆಲಸ ಮಾಡುತ್ತದೋ ನೋಡುವ ಆಸೆ ನನಗೂ ಇದೆ, ಮಗಳು ಅದನ್ನು ಪ್ರಾಜೆಕ್ಟ್ ಆಗಿ ತೆಗೆದುಕೊಂಡರೆ ಬಹಳ ಸಂತೋಷ. ಒಂದೇ ಗದ್ದೆಯ ಗಿಡಗಳನ್ನು ನಾಲ್ಕು ಗುಂಪು ಮಾಡಲಿ: ಬರೀ ನೀರು, ಒಂದು ಮಿಲಿಮೋಲಾರ್ ಪುಟ್ರೆಸಿನ್, ಅಷ್ಟೇ ಸ್ಪರ್ಮಿಡಿನ್, ಮತ್ತು ಸಲ್ಫೇಟ್ ಆಫ್ ಪೊಟಾಷ್. ಒಂದು ಗುಂಪಿನ ಗಿಡಗಳು ಹೊಳೆ ಬದಿಗೇ, ಇನ್ನೊಂದರವು ಮನೆ ಬದಿಗೇ ಎಂದಾಗಬಾರದು. ಚೀಟಿ ಎತ್ತಿ ಹಂಚಲಿ. ಬಾವಿ ನೀರು ಉಪ್ಪಾಗುವ ಮೊದಲೇ, ಜನವರಿಯಲ್ಲಿ ಶುರುಮಾಡಲಿ. ಎಲೆ ಹಸಿರಾಗಿದೆ ಎಂದು ಕಣ್ಣಳತೆಯಲ್ಲಿ ಬರೆಯುವುದು ಸಾಲದು. ಪ್ರತಿ ಗುಂಪಿನಿಂದ ಒಂದೇ ವಯಸ್ಸಿನ ಎಲೆ ಆರಿಸಿ, ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಕಾಲೇಜಿನ ಫ್ಲೇಮ್ ಫೋಟೋಮೀಟರಿನಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡನ್ನೂ ಅಳೆಯಲಿ, ಕೊಯ್ದ ಕಾಯಿಯ ತೂಕವನ್ನು ಗುಂಪುವಾರು ಬರೆದಿಡಲಿ. ನೀವು ವಾರಕ್ಕೊಮ್ಮೆ ಬಾವಿ ನೀರಿನ ಇಸಿಯನ್ನು ತಾರೀಕು ಹಾಕಿ ಬರೆದಿಡಿ. ಅದಿಲ್ಲದೆ ಎಲೆಯ ಅಂಕಿಗಳಿಗೆ ಅರ್ಥ ಕಟ್ಟಲು ಆಗುವುದಿಲ್ಲ.